ಕಂಬಳಿ ನೇಕಾರರು ಸಂಸದೀಯ ಸಮಿತಿಗೆ ಬರೆದರೆ ಏನಾಗುತ್ತದೆ?

ಪ್ರಶ್ನೆ: ಚಳ್ಳಕೆರೆ ತಾಲ್ಲೂಕಿನ ಹಳ್ಳಿಯೊಂದರ ಕಂಬಳಿ ನೇಕಾರರ ಸಹಕಾರ ಸಂಘದ ಕಾರ್ಯದರ್ಶಿ ನಾನು. 64 ಜನ ಸದಸ್ಯರಿದ್ದೇವೆ, ಈಗ ನಡೆಯುತ್ತಿರುವ ಕುಣಿಮಗ್ಗ (ಕುಣಿಯಲ್ಲಿ ಕಾಲಿಟ್ಟು ಕೂತು ನೇಯುವ ಕೈಮಗ್ಗ) 41. ಉತ್ತರದ ಕಡೆಯಿಂದ ಬರುವ ಯಂತ್ರದ ಕಂಬಳಿಯನ್ನು ಸಂತೆಯಲ್ಲೂ ಜಾತ್ರೆಯಲ್ಲೂ ‘ಕೈಮಗ್ಗದ್ದು’ ಅಂತ ಹೇಳಿ ನಮ್ಮ ಬೆಲೆಯ ಮೂರನೇ ಒಂದು ಭಾಗಕ್ಕೆ ಮಾರುತ್ತಾರೆ. ಗ್ರಾಮೋದ್ಯೋಗ ಮತ್ತು ಸಮುದಾಯಗಳ ಕುಲಕಸುಬಿನ ಬಗ್ಗೆ ಪಾರ್ಲಿಮೆಂಟಿನ ಸಮಿತಿಯೊಂದು ಜನರಿಂದ ಅಭಿಪ್ರಾಯ ಕೇಳುತ್ತಿದೆ ಎಂದು ಗೊತ್ತಾಯಿತು. ಸಮಿತಿಗೆ ಬರೆದರೆ ಯಂತ್ರದ ಕಂಬಳಿ ಬ್ಯಾನ್ ಆಗುತ್ತದೆ ಎಂದು ಹುಡುಗರು ಹೇಳುತ್ತಾರೆ. ದೆಹಲಿಗೆ ಬರೆದರೆ ಅಧಿಕಾರಿಗಳು ಬಂದು ಮಗ್ಗ ಎಣಿಸಿ ಲೈಸೆನ್ಸು, ತೆರಿಗೆ ಅಂತ ಶುರು ಮಾಡುತ್ತಾರೆ ಎಂದು ಹಿರಿಯರು ಹೆದರುತ್ತಾರೆ. ಇಂಗ್ಲಿಷಿನಲ್ಲಿ ಮನವಿ ಬರೆದು ‘ಪಾರ್ಲಿಮೆಂಟಿಗೆ ಮುಟ್ಟಿಸಲು’ ಒಬ್ಬರು 15 ಸಾವಿರ ರೂಪಾಯಿ ಕೇಳಿದ್ದಾರೆ. ಕಂಬಳಿ ನಮಗೆ ಬರೀ ಹೊದಿಕೆಯಲ್ಲ, ದೇವರ ಗದ್ದಿಗೆ. ಅದು ನಮ್ಮ ಸಂಸ್ಕೃತಿ ಎಂದು ಸಮಿತಿ ಮಾನ್ಯ ಮಾಡುತ್ತದೆಯೇ? ಬರೆಯುವುದೋ ಬೇಡವೋ?

ಉತ್ತರ: ಬರೆಯಿರಿ. ಆದರೆ ಆ 15 ಸಾವಿರ ಕೊಡಬೇಡಿ. ಸಂಸತ್ತಿನ ಸಮಿತಿಗೆ ಮನವಿ ಕಳಿಸಲು ಶುಲ್ಕವಿಲ್ಲ, ಸ್ಟಾಂಪ್ ಪೇಪರ್ ಬೇಡ, ವಕೀಲರೂ ಬೇಡ. ಖರ್ಚು ಏನಿದ್ದರೂ ಅನುವಾದಕ್ಕೆ ಮತ್ತು ಸ್ಪೀಡ್ ಪೋಸ್ಟಿಗೆ.

ನಿಮ್ಮ ಪತ್ರದಲ್ಲಿ ಒಂದೇ ಕಂಬಳಿಯ ಸುತ್ತ ನಾಲ್ಕು ಸಂಗತಿ ಸುತ್ತಿಕೊಂಡಿವೆ: ಯಂತ್ರದ ಮಾಲು, ಸುಳ್ಳು ಹೆಸರಿನ ಮಾರಾಟ, ಅಧಿಕಾರಿಗಳ ಭಯ, ಗದ್ದಿಗೆಯ ಮರ್ಯಾದೆ. ಎಲ್ಲವನ್ನೂ ಒಂದೇ ಮನವಿಯಲ್ಲಿ ತುರುಕಿದರೆ ಓದುವವರ ಕೈಗೆ ಯಾವ ಎಳೆಯೂ ಸಿಗುವುದಿಲ್ಲ. ಬಿಡಿಸಿ ನೋಡಿದರೆ ಒಂದೊಂದಕ್ಕೂ ಬೇರೆ ಬಾಗಿಲಿದೆ. ಸುಳ್ಳು ಹೆಸರಿನ ದೂರನ್ನಂತೂ ಚಿತ್ರದುರ್ಗದಲ್ಲೇ ಕೊಡಬಹುದು.

ಸಮಿತಿ ಏನು ಮಾಡುತ್ತದೆ

ಮೊದಲು ಹುಡುಗರ ನಂಬಿಕೆ. ಇಲಾಖೆಗಳಿಗೆ ಸಂಬಂಧಿಸಿದ ಸ್ಥಾಯಿ ಸಮಿತಿಗಳು 1993ರಲ್ಲಿ ಶುರುವಾದಾಗ 17 ಇದ್ದವು, 2004ರಲ್ಲಿ 24 ಆದವು. ಒಂದೊಂದರಲ್ಲೂ 31 ಸಂಸದರು: ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಸಚಿವರಾದವರು ಅಲ್ಲಿರುವಂತಿಲ್ಲ. ಸಮಿತಿ ಇಲಾಖೆಯ ಕಾರ್ಯದರ್ಶಿಯನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಬಲ್ಲದು, ದಾಖಲೆ ತರಿಸಬಲ್ಲದು, ಹೊರಗಿನವರ ಸಾಕ್ಷ್ಯ ಪಡೆಯಬಲ್ಲದು, ಕೊನೆಗೆ ಸದನದಲ್ಲಿ ವರದಿ ಮಂಡಿಸುತ್ತದೆ. ಆ ವರದಿ ಶಿಫಾರಸು ಮಾತ್ರ. ಸಮಿತಿ ಯಾವ ಮಾಲನ್ನೂ ನಿಷೇಧಿಸುವುದಿಲ್ಲ, ಯಾವ ಗೋದಾಮಿಗೂ ಬೀಗ ಹಾಕಿಸುವುದಿಲ್ಲ, ನಿಮ್ಮ ತಾಲ್ಲೂಕಿನ ಅಧಿಕಾರಿಗೆ ನೇರವಾಗಿ ಏನನ್ನೂ ಹೇಳುವುದಿಲ್ಲ. ಇಲಾಖೆಯ ದಿನನಿತ್ಯದ ಆಡಳಿತ ಅದರ ವ್ಯಾಪ್ತಿಯಿಂದಲೇ ಹೊರಗೆ.

ಹಾಗಾದರೆ ಪ್ರಯೋಜನವೇನು? ವರದಿ ಬಂದ ಮೇಲೆ ಪ್ರತಿಯೊಂದು ಶಿಫಾರಸಿಗೂ ತಾನು ಏನು ಮಾಡಿದೆ ಎಂದು ಸರ್ಕಾರ 3 ತಿಂಗಳೊಳಗೆ ಬರವಣಿಗೆಯಲ್ಲಿ ತಿಳಿಸಬೇಕು. ಆ ಉತ್ತರಗಳನ್ನು ಸಮಿತಿ ಮತ್ತೆ ಜಾಲಿಸಿ ಇನ್ನೊಂದು ವರದಿ ಕೊಡುತ್ತದೆ. ಸರ್ಕಾರ ಒಪ್ಪಿದ್ದು ಯಾವುದು, ಉತ್ತರ ನೋಡಿ ಸಮಿತಿ ಕೈಬಿಟ್ಟದ್ದು ಯಾವುದು, ‘ಈ ಉತ್ತರ ನಮಗೆ ಒಪ್ಪಿಗೆಯಿಲ್ಲ’ ಎಂದದ್ದು ಯಾವುದು, ಅಂತಿಮ ಉತ್ತರ ಬಾರದೆ ಉಳಿದದ್ದು ಯಾವುದು ಎಂದು ಅಧ್ಯಾಯ ಅಧ್ಯಾಯವಾಗಿ ಅದರಲ್ಲಿ ವಿಂಗಡಿಸಿರುತ್ತಾರೆ. ನಿಮ್ಮ ಮನವಿಯ ಒಂದೇ ಒಂದು ಸಾಲು ಶಿಫಾರಸಿನೊಳಗೆ ಸೇರಿದರೂ ಮಂತ್ರಾಲಯ ಅದಕ್ಕೆ ಹೆಸರು ಹಿಡಿದು ಉತ್ತರ ಕೊಡಬೇಕಾಗುತ್ತದೆ. ಸಂಘ ಗುರಿಯಿಡಬೇಕಾದ್ದು ಆ ಒಂದು ಸಾಲಿಗೆ. ತಾಳ್ಮೆ ಬೇಕು. ವಿಷಯ ಆಯ್ಕೆಯಾದ ದಿನದಿಂದ ವರದಿ ಕೈಗೆ ಬರಲು ಒಂದು ವರ್ಷ ಹಿಡಿದರೆ ಆಶ್ಚರ್ಯವಿಲ್ಲ.

ಬ್ಯಾನ್ ಕೇಳಬೇಡಿ, ಅದು ಆಗಲೇ ಇದೆ

ನಿಮ್ಮ ಹುಡುಗರು ಕೇಳಬೇಕೆಂದಿರುವ ಕಾನೂನು 1985ರಲ್ಲೇ ಬಂದಿದೆ. ಅದರ ಹೆಸರು ಕೈಮಗ್ಗ (ಉತ್ಪಾದನೆಗಾಗಿ ವಸ್ತುಗಳ ಮೀಸಲಾತಿ) ಕಾಯ್ದೆ. ಕೆಲವು ಬಟ್ಟೆಗಳನ್ನು ಕೈಮಗ್ಗದಲ್ಲಿ ಮಾತ್ರ ನೇಯಬೇಕು, ವಿದ್ಯುತ್ ಮಗ್ಗದಲ್ಲಿ ನೇಯುವಂತಿಲ್ಲ ಎನ್ನುತ್ತದೆ ಅದು. ಪವರ್‌ಲೂಮ್ ಮತ್ತು ಮಿಲ್ಲಿನವರು ಅದನ್ನು ನ್ಯಾಯಾಲಯಕ್ಕೆ ಎಳೆದಿದ್ದರು. 1993ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಮೊದಲು 22 ಬಗೆಯ ವಸ್ತುಗಳು ಪಟ್ಟಿಯಲ್ಲಿದ್ದವು, ಆಮೇಲೆ 11ಕ್ಕೆ ಇಳಿದವು. ಸೀರೆ, ಧೋತಿ, ಟವೆಲ್, ಲುಂಗಿ, ಜಮಖಾನೆ ಇವುಗಳ ಜೊತೆಗೆ ಬ್ಯಾರಕ್ ಬ್ಲ್ಯಾಂಕೆಟ್ ಮತ್ತು ಕಂಬಳಿ ಆ 11ರಲ್ಲಿ ಉಳಿದುಕೊಂಡಿವೆ. ಪಟ್ಟಿಯ ಇಂಗ್ಲಿಷ್ ಪ್ರತಿಯಲ್ಲೂ ‘ಕಂಬ್ಲೀಸ್’ ಎಂದೇ ಇದೆ, ನಿಮ್ಮ ಮಾಲಿನ ಹೆಸರಿನಲ್ಲೇ.

ಹಾಗಿದ್ದರೂ ಸಂತೆಯಲ್ಲಿ ಯಂತ್ರದ ಮಾಲು ಏಕೆ ರಾಶಿ ಬಿದ್ದಿದೆ? ಕಾರಣಗಳು ಮೂರಿವೆ, ನಿಮ್ಮ ಮನವಿಯ ತಿರುಳೂ ಇವೇ ಆಗಬೇಕು.

ಕಾಯ್ದೆ ತಡೆಯುವುದು ಉತ್ಪಾದನೆಯನ್ನು. ತಪ್ಪು ನಡೆಯುವುದು ವಿದ್ಯುತ್ ಮಗ್ಗ ಇರುವ ಜಾಗದಲ್ಲಿ, ಅಂದರೆ ಇಲ್ಲಿಂದ ಸಾವಿರಾರು ಕಿಲೋಮೀಟರ್ ಆಚೆ. ಚಳ್ಳಕೆರೆ ಸಂತೆಯಲ್ಲಿ ಹಾಸಿಕೊಂಡು ಕೂತ ವ್ಯಾಪಾರಿ ನೇಯ್ದವನಲ್ಲ, ಕೊಂಡು ಮಾರುವವನು. ಅವನ ಮೇಲೆ ಈ ಕಾಯ್ದೆ ಹಿಡಿದು ಹೋದರೆ ಕೈಗೆ ಏನೂ ಸಿಗುವುದಿಲ್ಲ.

ಎರಡನೆಯದು ನೂಲು. ಆದೇಶದಲ್ಲಿ ಪ್ರತಿ ವಸ್ತುವಿಗೂ ನೂಲಿನ ಬಗೆ, ನೇಯ್ಗೆಯ ಬಗೆ ಬರೆದಿದೆ. ಆ ವಿವರಣೆಗೆ ಹೊಂದಿದರೆ ಮಾತ್ರ ಮೀಸಲಾತಿ ತಾಗುತ್ತದೆ. ಹಳೆಯ ಉಣ್ಣೆಬಟ್ಟೆ ಹರಿದು ಮತ್ತೆ ನೂಲು ಮಾಡುವ ಪಾಣಿಪತ್ತಿನ ಶಾಡಿ ಹೊದಿಕೆಯ ಲೆಕ್ಕ ಬೇರೆ, ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್ ಹೊದಿಕೆಯ ಲೆಕ್ಕ ಬೇರೆ. ಉಣ್ಣೆಯೇ ಇಲ್ಲದ ಮಾಲನ್ನು ಕಪ್ಪು ಬಣ್ಣ ಕಟ್ಟಿ ಕಂಬಳಿ ಎಂದರೆ ಅದು ಗಿರಾಕಿಗೆ ಮಾಡಿದ ಮೋಸ ನಿಜ. ಕೈಮಗ್ಗ ಕಾಯ್ದೆಯ ಉಲ್ಲಂಘನೆಯಾಗದೆ ಹೋಗಬಹುದು.

ಮೂರನೆಯದು, ತಪಾಸಣೆ ಮಾಡುವವರು ಹುಡುಕುವುದು ಹೆಚ್ಚಾಗಿ ಸೀರೆ, ಧೋತಿ. ಕಂಬಳಿಗೆಂದು ದೂರು ಹೋಗುವುದು ಅಪರೂಪ. ದೂರಿಲ್ಲದಿದ್ದರೆ ತಪಾಸಣೆಯವರ ಗಮನ ಕಂಬಳಿಯತ್ತ ಹರಿಯುವುದೂ ಕಷ್ಟ.

ಹಾಗಾಗಿ ‘ಯಂತ್ರದ ಕಂಬಳಿ ನಿಷೇಧಿಸಿ’ ಎಂದು ಬರೆದರೆ ಮಂತ್ರಾಲಯ ‘ಆಗಲೇ ಕಾಯ್ದೆ ಇದೆ’ ಎಂಬ ಒಂದೇ ಸಾಲಿನಲ್ಲಿ ಕಡತ ಮುಚ್ಚುತ್ತದೆ. ‘ಕಳೆದ 5 ವರ್ಷದಲ್ಲಿ ಕಂಬಳಿ ಸಂಬಂಧ ಎಷ್ಟು ವಿದ್ಯುತ್ ಮಗ್ಗ ತಪಾಸಣೆಯಾಯಿತು, ಯಾವ ರಾಜ್ಯದಲ್ಲಿ, ಎಷ್ಟು ಪ್ರಕರಣ ದಾಖಲಾಯಿತು’ ಎಂದು ಕೇಳಿದರೆ ಅವರು ಲೆಕ್ಕ ತೆಗೆಯಲೇಬೇಕು.

ಮನವಿ ಬರೆಯುವ ಮೊದಲು ಮಾಲನ್ನು ನೀವೇ ಪರೀಕ್ಷಿಸಿ. ಸಂತೆಯಿಂದ ಬೇರೆ ಬೇರೆ ಅಂಗಡಿಯ ನಾಲ್ಕೈದು ಯಂತ್ರದ ಕಂಬಳಿ ಕೊಳ್ಳಿ, ಬಿಲ್ಲು ಕೇಳಿ. ಬಿಲ್ಲು ಕೊಡದಿದ್ದರೆ ಹೊದಿಕೆಯ ಮೇಲಿನ ಚೀಟಿಯ ಫೋಟೊ, ಕೊಂಡ ದಿನ, ಬೆಲೆ ಬರೆದಿಡಿ. ಉದ್ದಕ್ಕೆ ಹೂಡಿದ ಹಾಸಿನದೊಂದು, ಅಡ್ಡ ನೇಯ್ದ ಹೊಕ್ಕಿನದೊಂದು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಉಳಿದ ಕರಿ ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಗುಂಡಿನ ಹಾಗೆ ಆಗುತ್ತದೆ. ಬೆರಕೆ ನೂಲಿನಲ್ಲಿ ಎರಡೂ ಕಾಣುವುದರಿಂದ ಇದು ಮೊದಲ ಸೋಸುವಿಕೆ ಅಷ್ಟೇ, ಸಾಕ್ಷ್ಯವಲ್ಲ. ಸಾಕ್ಷ್ಯಕ್ಕೆ ಪ್ರಯೋಗಾಲಯದ ವರದಿ ಬೇಕು. ಅದನ್ನು ಬೆಂಗಳೂರಿನಲ್ಲಿ ಕಚೇರಿ ಇರುವ ಜವಳಿ ಸಮಿತಿಯ ಮೂಲಕ ಮಾಡಿಸಬಹುದು. ಹೆಸರಿನಿಂದ ಗೊಂದಲ ಬೇಡ: ‘ಜವಳಿ ಸಮಿತಿ’ ಎಂಬುದು 1963ರ ಕಾಯ್ದೆಯಡಿ ಹುಟ್ಟಿದ ಒಂದು ಸರ್ಕಾರಿ ಸಂಸ್ಥೆ. ಅದು ಸಂಸತ್ತಿನ ಸಮಿತಿಯಲ್ಲ. ಎರಡನ್ನೂ ಒಂದೇ ಎಂದುಕೊಂಡು ತಪ್ಪು ವಿಳಾಸಕ್ಕೆ ಹೋದ ಮನವಿ ಅಲ್ಲೇ ಉಳಿಯುತ್ತದೆ.

ಕೈಮಗ್ಗವೋ ಯಂತ್ರವೋ ಎಂದು ಗುರುತಿಸುವುದನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಆದರೆ ದೆಹಲಿಯಲ್ಲಿ ಓದುವವರಿಗೆ ನೀವು ಹೇಳಿಕೊಡಬೇಕು. ರಾಟೆಯಲ್ಲಿ ತೆಗೆದ ನೂಲು ಒಂದೆಡೆ ದಪ್ಪ ಒಂದೆಡೆ ಸಣ್ಣ ಇರುತ್ತದೆ, ಹಾಸಿನ ಎಳೆಗೆ ಹುಣಸೆ ಬೀಜದ ಸರಿ (ಅಂಟು) ಹಚ್ಚಿದ್ದರಿಂದ ಹೊಸ ಕಂಬಳಿ ಬಿರುಸಾಗಿರುತ್ತದೆ, ಕಪ್ಪು ಬಣ್ಣ ಕುರಿಯದೇ ಹೊರತು ಹಚ್ಚಿದ್ದಲ್ಲ. ಈ ಮೂರು ಸಂಗತಿಯನ್ನು ಮೂರು ಸಾಲಿನಲ್ಲಿ ಬರೆದು, ನಿಮ್ಮ ಕಂಬಳಿಯದೊಂದು ಗೇಣಗಲದ ತುಂಡು, ಸಂತೆಯದೊಂದು ತುಂಡು ಲಗತ್ತಿಸಿ. ಹತ್ತು ಪುಟದ ವಿವರಣೆ ಮಾಡದ ಕೆಲಸವನ್ನು ಆ ಎರಡು ತುಂಡು ಮಾಡುತ್ತವೆ.

ಒಂದು ಕಂಬಳಿ, ಹಲವು ಸಮಿತಿ

ಜಾಹೀರಾತನ್ನು ಕಣ್ಣಾರೆ ನೋಡಿ. ‘ಯಾವುದೋ ಸಮಿತಿ ಕೇಳಿದೆಯಂತೆ’ ಎಂಬ ಮಾತಿನ ಮೇಲೆ ಬರೆಯಬೇಡಿ. ಸಮಿತಿಯ ಹೆಸರು, ವಿಷಯದ ಪೂರ್ತಿ ಶೀರ್ಷಿಕೆ, ಕೊನೆಯ ದಿನ, ವಿಳಾಸ, ಇಮೇಲ್ ಅದರಲ್ಲಿರುತ್ತವೆ. ಸಂಸತ್ತಿನ ಜಾಲತಾಣದ ಸಮಿತಿಗಳ ಪುಟದಲ್ಲೂ ಹುಡುಕಬಹುದು.

ಕೈಮಗ್ಗ, ಉಣ್ಣೆ ಜವಳಿ ಎಂದರೆ ಕಾರ್ಮಿಕ, ಜವಳಿ ಮತ್ತು ಕೌಶಲ ಅಭಿವೃದ್ಧಿ ಸಮಿತಿ; ಅದು ಲೋಕಸಭೆಯ ಕಡೆಯದು. ಖಾದಿ, ಗ್ರಾಮೋದ್ಯೋಗ ಎಂದರೆ ಕೈಗಾರಿಕಾ ಸಮಿತಿ, ರಾಜ್ಯಸಭೆಯ ಕಡೆಯದು. ಕುರಿ ಸಾಕಣೆ ಬಂದರೆ ಕೃಷಿ ಮತ್ತು ಪಶುಸಂಗೋಪನೆಯ ಸಮಿತಿ. ಸಂಸ್ಕೃತಿ ಎಂದರೆ ಸಾರಿಗೆ, ಪ್ರವಾಸೋದ್ಯಮ ಮತ್ತು ಸಂಸ್ಕೃತಿ ಸಮಿತಿ. ಹಿಂದುಳಿದ ವರ್ಗಗಳ ಕಲ್ಯಾಣಕ್ಕೆ ಪ್ರತ್ಯೇಕ ಸಮಿತಿಯೇ ಇದೆ. ಮಾಲು ಒಂದೇ ಆದರೂ ಕೇಳುವ ಕಿವಿ ಬೇರೆ ಬೇರೆ. ಗ್ರಾಮೋದ್ಯೋಗದ ಬಗ್ಗೆ ಕೇಳಿದ ಸಮಿತಿಗೆ ಕೈಮಗ್ಗ ಮೀಸಲಾತಿಯ ದೂರು ಬರೆದರೆ ಅದು ‘ಬೇರೆ ಮಂತ್ರಾಲಯದ ವಿಷಯ’ ಆಗಿಬಿಡುತ್ತದೆ.

ಇಲ್ಲಿ ಖಾದಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ಸಂಘಗಳು ಎಡವುವುದೇ ಇಲ್ಲಿ. ಭಾರತದಲ್ಲಿ ಕೈಯಿಂದ ನೂತ ಹತ್ತಿ, ರೇಷ್ಮೆ ಅಥವಾ ಉಣ್ಣೆಯ ನೂಲಿನಿಂದ ಕೈಮಗ್ಗದಲ್ಲಿ ನೇಯ್ದದ್ದು ಖಾದಿ ಎನ್ನುತ್ತದೆ 1956ರ ಖಾದಿ ಆಯೋಗದ ಕಾಯ್ದೆ. ಆ ಮಾತಿನ ಪ್ರಕಾರ ನಿಮ್ಮ ಮನೆಯ ಹೆಂಗಸರು ರಾಟೆಯಲ್ಲಿ ನೂತ ನೂಲಿನ ಕಂಬಳಿ ಉಣ್ಣೆ ಖಾದಿಯೇ. ಹಾಗೆಂದು ಚೀಟಿಯ ಮೇಲೆ ‘ಖಾದಿ ಕಂಬಳಿ’ ಎಂದು ಅಚ್ಚು ಹಾಕಿಸಬೇಡಿ. 2013ರ ಖಾದಿ ಮಾರ್ಕ್ ನಿಯಮಗಳ ಪ್ರಕಾರ ಆಯೋಗದ ಖಾದಿ ಮಾರ್ಕ್ ಇಲ್ಲದೆ ಯಾವ ಬಟ್ಟೆಯನ್ನೂ ಖಾದಿ ಎಂದು ಮಾರುವಂತಿಲ್ಲ. ಯಂತ್ರದವರ ಮೇಲೆ ದೂರು ಹೊರಟವರ ಮೇಲೇ ನೋಟಿಸು ಬಂದೀತು. ಸಮಿತಿ ಗ್ರಾಮೋದ್ಯೋಗದ್ದಾಗಿದ್ದರೆ ಇದನ್ನೇ ನಿಮ್ಮ ಮುಖ್ಯ ಬೇಡಿಕೆ ಮಾಡಬಹುದು: ಕಾಯ್ದೆಯ ವ್ಯಾಖ್ಯೆಗೆ ಹೊಂದುವ ಸಣ್ಣ ಕಂಬಳಿ ಸಂಘಗಳಿಗೆ ಖಾದಿ ಮಾರ್ಕ್ ಪಡೆಯುವ ದಾರಿ ಸುಲಭವಾಗಲಿ ಎಂದು. ಇದು ಸ್ಪಷ್ಟ, ಚಿಕ್ಕದು, ಕಾಯ್ದೆ ತಿದ್ದದೆ ಮಾಡಬಹುದಾದದ್ದು. ಇಂಥ ಬೇಡಿಕೆಗಳೇ ಶಿಫಾರಸಿನ ಸಾಲುಗಳಾಗುವುದು.

ಮನವಿ ಹೇಗಿರಬೇಕು

ಸಾಮಾನ್ಯವಾಗಿ ಜಾಹೀರಾತು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಎರಡು ಪ್ರತಿ ಕೇಳುತ್ತದೆ, ಸಮಯ 15 ದಿನದ ಆಸುಪಾಸು. ಆ ಅವಧಿ ಅನುವಾದಕ್ಕೇ ಮುಗಿದುಹೋಗುತ್ತದೆ. ಆದ್ದರಿಂದ ಕನ್ನಡದ ಕರಡನ್ನು ಈಗಲೇ ಸಿದ್ಧ ಮಾಡಿಕೊಳ್ಳಿ. ಮೊದಲು ಕನ್ನಡದಲ್ಲಿ ಬರೆದು ಸಂಘದ ಸಭೆಯಲ್ಲಿ ಓದಿ ಠರಾವು ಮಾಡಿ, ಆಮೇಲೆ ಅನುವಾದಿಸಿ. ನೇರವಾಗಿ ಇಂಗ್ಲಿಷಿನಲ್ಲಿ ಬರೆಸಿಕೊಂಡರೆ ಬರೆದವರ ಬೇಡಿಕೆ ನಿಮ್ಮ ಬೇಡಿಕೆಯಾಗಿ ಹೋಗಿರುತ್ತದೆ. ತಾಲ್ಲೂಕಿನ ಕಾಲೇಜಿನ ಒಬ್ಬ ಇಂಗ್ಲಿಷ್ ಅಧ್ಯಾಪಕರು ಎರಡು ಸಂಜೆಯಲ್ಲಿ ಮಾಡಿಕೊಡುವ ಕೆಲಸ ಇದು. ಕುಣಿಮಗ್ಗ, ಗದ್ದಿಗೆ, ಹುಣಸೆ ಸರಿ ಇಂಥ ಪದಗಳನ್ನು ಹಾಗೇ ಉಳಿಸಿ ಪಕ್ಕದಲ್ಲಿ ವಿವರ ಕೊಡಲು ಅವರಿಗೆ ಹೇಳಿ.

ನಾಲ್ಕು ಪುಟ ಸಾಕು. ಪ್ರತಿ ಪ್ಯಾರಾಕ್ಕೆ ಸಂಖ್ಯೆ ಹಾಕಿ, ಸಮಿತಿಯ ಸಿಬ್ಬಂದಿ ಟಿಪ್ಪಣಿ ಮಾಡುವುದು ಪ್ಯಾರಾ ಸಂಖ್ಯೆ ಹಿಡಿದು. ಮೊದಲ ಪ್ಯಾರಾದಲ್ಲಿ ಸಂಘದ ಹೆಸರು, ನೋಂದಣಿ ಸಂಖ್ಯೆ, ಸದಸ್ಯರು 64, ನಡೆಯುವ ಮಗ್ಗ 41, ನಿಂತ ಮಗ್ಗ ಎಷ್ಟು, ನೂಲುವ ಹೆಂಗಸರು ಎಷ್ಟು, ಕೈಮಗ್ಗ ಗಣತಿಯ ಗುರುತಿನ ಚೀಟಿ ಎಷ್ಟು ಜನರ ಬಳಿ ಇದೆ. ಈ ಕೊನೆಯ ಅಂಕಿ ಮುಖ್ಯ. 2019–20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿ ದೇಶದಲ್ಲಿ 35.22 ಲಕ್ಷ ಕೈಮಗ್ಗ ಕೆಲಸಗಾರರನ್ನು ಎಣಿಸಿತು. ಕೇಂದ್ರದ ಯೋಜನೆಗಳು ಹಣ ಅಳೆಯುವುದು ಆ ಎಣಿಕೆಯ ಮೇಲೆ. ನಿಮ್ಮ 64ರಲ್ಲಿ 20 ಜನರ ಬಳಿ ಮಾತ್ರ ಚೀಟಿ ಇದ್ದರೆ ಆ ಕೊರತೆಯನ್ನೇ ಒಂದು ಪ್ಯಾರಾ ಮಾಡಿ.

ನಂತರ ಒಂದು ಕಂಬಳಿಯ ಲೆಕ್ಕ. ಎಷ್ಟು ಕಿಲೋ ಉಣ್ಣೆ, ಯಾವ ಬೆಲೆ, ನೂಲಲು ಎಷ್ಟು ದಿನ, ಸರಿ ಹಚ್ಚಿ ಹಾಸು ಹೂಡಲು ಎಷ್ಟು ದಿನ, ನೇಯಲು ಎಷ್ಟು ದಿನ, ಕೊನೆಗೆ ಮಾರಿದ ಬೆಲೆ. ಇದನ್ನು ಅಂದಾಜಿನಲ್ಲಿ ಬರೆಯಬೇಡಿ. ಮೂರು ಮನೆಗಳಲ್ಲಿ ನಿಜವಾಗಿ ಅಳೆದು, ಮೂರರ ಅಂಕಿಯನ್ನೂ ಕೊಡಿ. ಮೂರೂ ಒಂದೇ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ತೀರಾ ನುಣುಪಾದ ಅಂಕಿಯನ್ನು ಯಾರೂ ನಂಬುವುದಿಲ್ಲ.

ಉಣ್ಣೆಯ ಪೂರೈಕೆಯ ಬಗ್ಗೆ ಒಂದು ಪ್ಯಾರಾ ಇರಲಿ. ಬಳ್ಳಾರಿ, ದಖನಿ ತಳಿಯ ಕುರಿಯ ಒರಟು ಉಣ್ಣೆಯೇ ಕಂಬಳಿಗೆ ಜೀವ. ಮಾಂಸದ ಬೆಲೆ ಏರಿದ ಮೇಲೆ ಕುರಿಗಾಹಿಗಳು ನೆಲ್ಲೂರಿನಂಥ ಉಣ್ಣೆ ಇಲ್ಲದ ತಳಿಗಳತ್ತ ಹೊರಳಿದ್ದು ನಿಮ್ಮ ಕಚ್ಚಾಮಾಲಿಗೆ ಬಿದ್ದ ಹೊಡೆತ. ಯಂತ್ರದವರು ಕೊಟ್ಟ ಹೊಡೆತಕ್ಕಿಂತ ಇದು ಚಿಕ್ಕದೇನಲ್ಲ, ಮನವಿಗಳಲ್ಲಿ ಮಾತ್ರ ಯಾರೂ ಬರೆಯುವುದಿಲ್ಲ. ಅಮೃತಮಹಲ್ ಕಾವಲಿನ (ಅಮೃತಮಹಲ್ ದನಗಳಿಗೆಂದು ಬಿಟ್ಟಿದ್ದ ಹುಲ್ಲುಗಾವಲಿನ) ಭೂಮಿ ಹೋಗಿದ್ದರಿಂದ ಮೇವು ಕಡಿಮೆಯಾಯಿತು ಎಂಬ ಸಂಗತಿಯನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿ. ಭೂಮಿ ರಾಜ್ಯದ ವಿಷಯ, ಆ ವಿವಾದ ಹಸಿರು ನ್ಯಾಯಮಂಡಳಿಯ ಮೆಟ್ಟಿಲನ್ನೂ ಹತ್ತಿದೆ. ಅದನ್ನು ಬೆಳೆಸಿದರೆ ಮನವಿ ಪೂರ್ತಿ ಬದಿಗೆ ಸರಿಯುತ್ತದೆ. ಇಷ್ಟು ದೊಡ್ಡ ನೋವನ್ನು ಒಂದು ಸಾಲಿಗೆ ಇಳಿಸುವುದು ಸಂಕಟದ ಕೆಲಸವೇ. ಅದಕ್ಕೆ ಬೇರೆಯದೇ ಮನವಿ ಬೇಕು.

ಕೊನೆಯ ಪುಟದಲ್ಲಿ ಬೇಡಿಕೆಗಳು. ಮೂರು ಇರಲಿ, ನಾಲ್ಕು ದಾಟದಿರಲಿ. ನಮೂನೆಗೆ ಒಂದು:

“ಕೈಮಗ್ಗಕ್ಕೆ ಮೀಸಲಾದ 11 ವಸ್ತುಗಳಲ್ಲಿ ಕಂಬಳಿಯ ಬಗ್ಗೆ ನಡೆದ ತಪಾಸಣೆ ಮತ್ತು ದಾಖಲಾದ ಪ್ರಕರಣಗಳ ಅಂಕಿಅಂಶವನ್ನು ಜವಳಿ ಮಂತ್ರಾಲಯವು ಪ್ರತಿ ವರ್ಷ ರಾಜ್ಯವಾರು, ವಸ್ತುವಾರು ಪ್ರತ್ಯೇಕವಾಗಿ ಪ್ರಕಟಿಸಬೇಕು.”

ಇದರಲ್ಲಿ ಯಾರು ಮಾಡಬೇಕು, ಏನು ಮಾಡಬೇಕು, ಎಷ್ಟು ದಿನಕ್ಕೊಮ್ಮೆ ಎಲ್ಲ ಇದೆ. ‘ಕಂಬಳಿ ನೇಕಾರರ ಬದುಕು ಹಸನು ಮಾಡಬೇಕು’ ಎಂಬ ಸಾಲಿನಲ್ಲಿ ಇದ್ಯಾವುದೂ ಇಲ್ಲ. ಜಿಎಸ್‌ಟಿ ಇಳಿಸಿ ಎಂದು ಜವಳಿಯ ಸಂಸದೀಯ ಸಮಿತಿಗೆ ಬರೆಯಬೇಡಿ. ದರದ ಶಿಫಾರಸು ಜಿಎಸ್‌ಟಿ ಕೌನ್ಸಿಲಿನದು.

ಸಾಕ್ಷ್ಯ ಹೇಳಲು ಇಷ್ಟವಿದ್ದರೆ ಕೊನೆಯಲ್ಲಿ ಸ್ಪಷ್ಟವಾಗಿ ಬರೆಯಿರಿ, ಕನ್ನಡದಲ್ಲಿ ಮಾತನಾಡುವುದಾಗಿಯೂ ಭಾಷಾಂತರದ ನೆರವು ಬೇಕೆಂದೂ ತಿಳಿಸಿ. ಕರೆಯುವುದು ಬಿಡುವುದು ಸಮಿತಿಯ ಇಷ್ಟ. ಕರೆದರೆ ನೇಯುವವರೊಬ್ಬರು, ನೂಲುವವರೊಬ್ಬರು ಹೋಗಲಿ. ಮಾತುಗಾರರಿಗಿಂತ ಅವರು ಮೇಲು.

ಇನ್ನೊಂದು ಎಚ್ಚರಿಕೆ, ಗಟ್ಟಿಯಾಗಿ ಹೇಳಬೇಕಾದದ್ದು. ಸಮಿತಿಗೆ ಕೊಟ್ಟ ಮನವಿ ಸಮಿತಿಯ ದಾಖಲೆಯಾಗುತ್ತದೆ, ಗೋಪ್ಯ ಎನಿಸಿಕೊಳ್ಳುತ್ತದೆ. ಅದನ್ನು ಪತ್ರಿಕೆಗೆ ಕೊಡುವುದು, ವಾಟ್ಸಾಪ್ ಗುಂಪಿಗೆ ಹಾಕುವುದು, ಅಧ್ಯಕ್ಷರು ಮನವಿ ಹಿಡಿದು ಫೋಟೊ ತೆಗೆಸಿಕೊಳ್ಳುವುದು ಹಕ್ಕುಚ್ಯುತಿಯ (ಸಂಸತ್ತಿನ ವಿಶೇಷ ಹಕ್ಕಿಗೆ ಧಕ್ಕೆ ತಂದ) ಪ್ರಶ್ನೆಗೆ ದಾರಿಯಾಗಬಹುದು. ಸಾಕ್ಷ್ಯ ಹೇಳಿಬಂದ ಮಾತುಗಳೂ ವರದಿ ಮಂಡನೆಯಾಗುವವರೆಗೆ ಹಾಗೆಯೇ. ನಿಮ್ಮ ಸಮಸ್ಯೆಯ ಬಗ್ಗೆ ಬೇರೆಯಾಗಿ ಮಾತಾಡಲು, ಬರೆಯಲು ಅಡ್ಡಿಯಿಲ್ಲ. ‘ಸಮಿತಿಗೆ ಕೊಟ್ಟಿದ್ದು ಇದೇ’ ಎಂದು ಆ ಕಾಗದವನ್ನು ಹಂಚಬೇಡಿ ಅಷ್ಟೇ.

ಸಂಸದರ ಮೂಲಕ ಪ್ರಶ್ನೆ

ಸಮಿತಿಯ ದಾರಿ ಉದ್ದ. ಅಂಕಿ ಬೇಗ ಬೇಕಿದ್ದರೆ ಸಂಸದರ ಮೂಲಕ ಪ್ರಶ್ನೆ ಕೇಳಿಸುವುದು ಹತ್ತಿರದ ದಾರಿ. ಜನಸಾಮಾನ್ಯರು ಸದನದಲ್ಲಿ ಪ್ರಶ್ನೆ ಕೇಳಲಾಗದು, ಕರಡು ಬರೆದು ಕೊಡಬಹುದು. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು, 230 ಚುಕ್ಕೆ ಗುರುತಿಲ್ಲದವು ಪಟ್ಟಿಯಾಗುತ್ತವೆ. ಮೊದಲನೆಯದಕ್ಕೆ ಸಚಿವರು ಎದ್ದು ನಿಂತು ಉತ್ತರಿಸುತ್ತಾರೆ, ಎರಡನೆಯದಕ್ಕೆ ಉತ್ತರ ಬರವಣಿಗೆಯಲ್ಲಿ. ಗೌರವಕ್ಕೆ ಚುಕ್ಕೆ ಗುರುತಿನದು ಚೆಂದ, ಅಂಕಿಗೆ ಗುರುತಿಲ್ಲದ್ದೇ ಮೇಲು. 20ರಲ್ಲಿ ಬಾಯಲ್ಲಿ ಉತ್ತರ ಕಾಣುವುದೇ ಕೆಲವು. ಬರಹದ ಉತ್ತರಕ್ಕೆ ಅನುಬಂಧದ ಕೋಷ್ಟಕಗಳೂ ಬರುತ್ತವೆ.

ಸೂಚನೆ ಕನಿಷ್ಠ 15 ದಿನ ಮೊದಲು ಹೋಗಬೇಕು, ಅದೂ ಜವಳಿ ಮಂತ್ರಾಲಯದ ಸರದಿಯ ದಿನಕ್ಕೆ. ಆದ್ದರಿಂದ ಅಧಿವೇಶನ ಶುರುವಾದ ಮೇಲೆ ಸಂಸದರ ಮನೆಗೆ ಹೋಗುವುದು ತಡವಾದಂತೆ. ದಿನಾಂಕ ಪ್ರಕಟವಾದ ವಾರವೇ ಕರಡು ಅವರ ಕಚೇರಿಯಲ್ಲಿರಬೇಕು. ಪ್ರಶ್ನೆ 150 ಪದ ಮೀರಬಾರದು, ರಾಜ್ಯ ಸರ್ಕಾರದ ಹೊಣೆಯ ವಿಷಯ ಇರಬಾರದು, ವಾದ ಮಾಡಬಾರದು. ಹೀಗಿರಲಿ:

“ಜವಳಿ ಸಚಿವರು ದಯವಿಟ್ಟು ತಿಳಿಸುವರೇ: (ಅ) 1985ರ ಕಾಯ್ದೆಯಡಿ ಕೈಮಗ್ಗಕ್ಕೆ ಮೀಸಲಾದ ಕಂಬಳಿಯನ್ನು ವಿದ್ಯುತ್ ಮಗ್ಗದಲ್ಲಿ ಉತ್ಪಾದಿಸಿದ ಬಗ್ಗೆ ಕಳೆದ 5 ವರ್ಷಗಳಲ್ಲಿ ಬಂದ ದೂರುಗಳೆಷ್ಟು, ರಾಜ್ಯವಾರು ವಿವರವೇನು, (ಆ) ನಡೆದ ತಪಾಸಣೆ ಮತ್ತು ದಾಖಲಾದ ಪ್ರಕರಣಗಳೆಷ್ಟು, (ಇ) ಕರ್ನಾಟಕದಲ್ಲಿ ಕೈಮಗ್ಗ ಗುರುತಿನ ಚೀಟಿ ಹೊಂದಿದ ಉಣ್ಣೆ ಕಂಬಳಿ ನೇಕಾರರ ಜಿಲ್ಲಾವಾರು ಸಂಖ್ಯೆ ಎಷ್ಟು?”

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ಮಾತು ‘ಮಾಡಿದಷ್ಟು ನೀಡು ಭಿಕ್ಷೆ’. ಸಂಸತ್ತಿನ ಉತ್ತರವೂ ಹಾಗೇ, ಕೇಳಿದಷ್ಟೇ. ‘ಕ್ರಮ ಕೈಗೊಳ್ಳಲಾಗಿದೆಯೇ’ ಎಂದು ಕೇಳಿದರೆ ‘ಹೌದು’ ಎಂದು ಬರುತ್ತದೆ. ಸಂಖ್ಯೆ ಕೇಳಿದರೆ ಸಂಖ್ಯೆ ಬರುತ್ತದೆ. ‘ಮಾಹಿತಿ ಸಂಗ್ರಹಿಸಿ ಸದನದಲ್ಲಿ ಮಂಡಿಸಲಾಗುವುದು’ ಎಂಬ ಉತ್ತರ ಬಂದರೆ ನಿರಾಶರಾಗಬೇಡಿ, ಅದು ಭರವಸೆ ಎಂದು ದಾಖಲಾಗುತ್ತದೆ. 3 ತಿಂಗಳಲ್ಲಿ ಈಡೇರಿಸಬೇಕು, ಇಲ್ಲದಿದ್ದರೆ ಸರ್ಕಾರಿ ಭರವಸೆಗಳ ಸಮಿತಿ ಬೆನ್ನು ಹತ್ತುತ್ತದೆ.

ಈ ದಾರಿಯಲ್ಲೂ ಒಂದು ಮುಳ್ಳಿದೆ. ಸಂಸದೀಯ ಸಮಿತಿಯ ಪರಿಶೀಲನೆಯಲ್ಲಿರುವ ವಿಷಯದ ಮೇಲೆ ಸಾಮಾನ್ಯವಾಗಿ ಪ್ರಶ್ನೆ ಕೇಳುವಂತಿಲ್ಲ ಎಂಬ ನಿಯಮವಿದೆ. ಜವಳಿಯ ಸಂಸದೀಯ ಸಮಿತಿಯೇ ಈಗ ಇದೇ ವಿಷಯ ಎತ್ತಿಕೊಂಡಿದ್ದರೆ ಪ್ರಶ್ನೆ ತಿರಸ್ಕೃತವಾಗಬಹುದು. ಆಗ ಮಾಹಿತಿ ಹಕ್ಕಿನಡಿ ಜವಳಿ ಮಂತ್ರಾಲಯಕ್ಕೆ 10 ರೂಪಾಯಿಯ ಅರ್ಜಿ ಹಾಕಿ ಇದೇ ಅಂಕಿ ಕೇಳಿ, 30 ದಿನದ ಗಡುವಿದೆ. ರಾಜ್ಯದ ಇಲಾಖೆಗೂ ಹಾಕುವುದಾದರೆ ನೆನಪಿರಲಿ, ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿ 150 ಪದದೊಳಗಿರಬೇಕು.

ಚಿತ್ರದುರ್ಗ ಲೋಕಸಭಾ ಕ್ಷೇತ್ರಕ್ಕೆ ತುಮಕೂರು ಜಿಲ್ಲೆಯ ಶಿರಾ, ಪಾವಗಡವೂ ಸೇರಿವೆ. ಅಲ್ಲೂ ಕಂಬಳಿ ನೇಯುವ ಮನೆಗಳಿವೆ. ಆ ಕಡೆಯ ಸಂಘದ ಸಹಿಯೂ ಜೊತೆಗಿದ್ದರೆ ಸಂಸದರ ಮೇಜಿನ ಮೇಲೆ ಕಾಗದದ ತೂಕವೇ ಬೇರೆ.

ಹಿರಿಯರ ಭಯ, ಗದ್ದಿಗೆಯ ಮಾತು

ಮಗ್ಗ ಎಣಿಸಲು ಬಂದರೆ ಬರಲಿ ಬಿಡಿ. ಕೈಮಗ್ಗ ಆಡಿಸಲು ಲೈಸೆನ್ಸು ಬೇಕಿಲ್ಲ. 1985ರ ಕಾಯ್ದೆಯ ತಪಾಸಣೆ ವಿದ್ಯುತ್ ಮಗ್ಗಗಳ ಮೇಲೆ ನಡೆಯುವುದು, ನಿಮ್ಮ ಕುಣಿಮಗ್ಗಗಳ ಮೇಲಲ್ಲ. ಎಣಿಕೆಯಲ್ಲಿ ಸೇರದೆ ಉಳಿದದ್ದರಿಂದಲೇ ಇದುವರೆಗೆ ನಷ್ಟವಾಗಿರುವುದು. ಸಮಿತಿಗೆ ಸಾಕ್ಷ್ಯ ಹೇಳಿದವರಿಗೆ ಅದೇ ಕಾರಣಕ್ಕೆ ಯಾರಾದರೂ ಕಿರುಕುಳ ಕೊಟ್ಟರೆ ಅದು ಸಂಸತ್ತಿನ ಹಕ್ಕುಚ್ಯುತಿ. ಒಂದು ಸಂದರ್ಭದಲ್ಲಿ ಮಾತ್ರ ಹಿರಿಯರ ಭಯಕ್ಕೆ ಅರ್ಥವಿದೆ: ಸದಸ್ಯರಲ್ಲಿ ಯಾರಾದರೂ ಮಗ್ಗಕ್ಕೆ ಮೋಟಾರು ಕೂಡಿಸಿಕೊಂಡಿದ್ದರೆ. ಕಾಯ್ದೆಯ ಕಣ್ಣಿಗೆ ವಿದ್ಯುತ್ ಮಗ್ಗವಲ್ಲದ್ದು ಮಾತ್ರ ಕೈಮಗ್ಗ. ಮನವಿ ಕಳಿಸುವ ಮೊದಲು ನಿಮ್ಮ 41ನ್ನು ನೀವೇ ಒಮ್ಮೆ ಸುತ್ತಿ ನೋಡಿ.

ಸಂಸ್ಕೃತಿಯ ಪ್ರಶ್ನೆಗೆ ನೇರ ಉತ್ತರ: ‘ಇದು ಇಂಥ ಸಮುದಾಯದ ಸಂಸ್ಕೃತಿ’ ಎಂದು ಪ್ರಮಾಣಪತ್ರ ಕೊಡುವ ಅಧಿಕಾರ ಯಾವ ಸಮಿತಿಗೂ ಇಲ್ಲ. ಸಂವಿಧಾನದ 29ನೇ ವಿಧಿ ಸಂಸ್ಕೃತಿ ಉಳಿಸಿಕೊಳ್ಳುವ ಹಕ್ಕು ಕೊಡುತ್ತದೆ, ವ್ಯಾಪಾರದ ಏಕಸ್ವಾಮ್ಯ ಕೊಡುವುದಿಲ್ಲ. ಕಾಯ್ದೆಯ ಮೀಸಲಾತಿಯೂ ಕೈಮಗ್ಗಕ್ಕೆ, ಜಾತಿಗಲ್ಲ. ಹಾಗಾಗಿ ‘ನಾವು ಮಾತ್ರ ನೇಯಬೇಕು’ ಎಂಬ ಧ್ವನಿ ಮನವಿಯಲ್ಲಿ ಬಂದರೆ ಸಹಾಯ ಮಾಡಬೇಕೆಂದಿದ್ದವರೂ ಹಿಂದೆ ಸರಿಯುತ್ತಾರೆ. ಮೀಸಲಾತಿ ವರ್ಗ ಬದಲಾವಣೆಯ ಬೇಡಿಕೆಯನ್ನು ಇದರೊಳಗೆ ಸೇರಿಸುವುದೂ ಅಷ್ಟೇ ಅಪಾಯ.

ಆದರೆ ಗದ್ದಿಗೆಯ ಮಾತನ್ನು ಬಿಡಬೇಕಿಲ್ಲ, ಬೇರೆ ರೀತಿ ಹೇಳಬೇಕು. ಕುರುಬರ ದೇವರು ಬೀರಪ್ಪನ ಪೂಜೆಗೆ ಹಾಸುವುದು, ಮದುವೆಯಲ್ಲಿ ಹಾಸುವುದು, ಮೈಲಾರಲಿಂಗನ ಭಕ್ತ ಗೊರವಯ್ಯನ ಕರಿಯ ನಿಲುವಂಗಿ, ಇವಕ್ಕೆ ಕೈಯಿಂದ ನೂತು ನೇಯ್ದ ಕುರಿ ಉಣ್ಣೆಯೇ ಬೇಕು. ಅಂದರೆ ಯಂತ್ರದ ಮಾಲು ತುಂಬಲಾರದ ಬೇಡಿಕೆಯೊಂದು ಇಂದಿಗೂ ಇದೆ. ಸಂಘದ ಪುಸ್ತಕ ತೆಗೆದು, ಕಳೆದ ಮೂರು ವರ್ಷದಲ್ಲಿ ಪೂಜೆ, ಮದುವೆ, ಜಾತ್ರೆಗೆಂದು ಹೋದ ಕಂಬಳಿ ಎಷ್ಟು ಎಂದು ಎಣಿಸಿ ಬರೆಯಿರಿ. ಆಚರಣೆ ಹೀಗೆ ಅಂಕಿಯಾಗಿ ಬಂದಾಗ ಜವಳಿಯ ಸಂಸದೀಯ ಸಮಿತಿಗೂ ಅದು ತನ್ನ ವಿಷಯ ಎನಿಸುತ್ತದೆ.

ಸುಳ್ಳು ಚೀಟಿಯ ದೂರಿಗೆ ಹತ್ತಿರದ ಬಾಗಿಲು ಚಿತ್ರದುರ್ಗದ ಜಿಲ್ಲಾ ಗ್ರಾಹಕ ಆಯೋಗ. ಯಂತ್ರದ ಮಾಲನ್ನು ಕೈಮಗ್ಗದ್ದು ಎಂದು ನಂಬಿಸಿ ಮಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರ. ದೂರುದಾರರು ಸಾಮಾನ್ಯವಾಗಿ ಕೊಂಡವರಾಗಿರಬೇಕು, ಬಿಲ್ಲಿನಂಥ ಪುರಾವೆ ಬೇಕು, ಸಂತೆಯಲ್ಲಿ ಕಷ್ಟವಾಗುವುದು ಅದೇ. ನಿಮ್ಮ ಕಡೆಯಿಂದ ಕೈಮಗ್ಗ ಗುರುತು, ಅಂದರೆ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಹಚ್ಚಿ ಮಾರಲು ಶುರು ಮಾಡಿದರೆ ಕೊಳ್ಳುವವರಿಗೆ ಹೋಲಿಸಿ ನೋಡಲು ಒಂದು ಆಧಾರ ಸಿಗುತ್ತದೆ. ಮೊಳಕಾಲ್ಮುರು ರೇಷ್ಮೆ ಸೀರೆಗೆ ಸಿಕ್ಕಿರುವಂಥ ಭೌಗೋಳಿಕ ಸೂಚಕದ (ಜಿಐ ಟ್ಯಾಗ್) ದಾರಿಯೂ ಇದೆ. ಅದು ಹೆಸರನ್ನು ಕಾಯುತ್ತದೆ, ಬೇರೆ ಹೆಸರಿನಲ್ಲಿ ಬರುವ ಯಂತ್ರದ ಮಾಲನ್ನು ತಡೆಯುವುದಿಲ್ಲ.

ಜಾಹೀರಾತಿನ ಕೊನೆಯ ದಿನ ಆಗಲೇ ಮುಗಿದಿದ್ದರೆ ಕೆಲಸ ಕೆಟ್ಟಿತೆಂದಲ್ಲ. ಲೋಕಸಭೆಯ ಅರ್ಜಿಗಳ ಸಮಿತಿಗೆ ವರ್ಷದ ಯಾವ ದಿನವಾದರೂ ಅರ್ಜಿ ಕೊಡಬಹುದು. ಅಲ್ಲಿ ಕನ್ನಡದ ಅರ್ಜಿಯೂ ನಡೆಯುತ್ತದೆ, ಇಂಗ್ಲಿಷ್ ಅಥವಾ ಹಿಂದಿ ಅನುವಾದ ಜೊತೆಗಿದ್ದು ಅದಕ್ಕೂ ಅರ್ಜಿದಾರರ ಸಹಿ ಇರಬೇಕು. ಅರ್ಜಿ ಲೋಕಸಭೆಯನ್ನು ಉದ್ದೇಶಿಸಿರಬೇಕು, ಬೇಡಿಕೆ ಕೊನೆಯಲ್ಲಿ ಸ್ಪಷ್ಟವಾಗಿರಬೇಕು, ಕೋರ್ಟಿನಲ್ಲಿರುವ ವಿಷಯ ಇರಬಾರದು. ಉಣ್ಣೆ ಖರೀದಿ, ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮ, ನೇಕಾರರಿಗೆ ರಾಜ್ಯದ ಯೋಜನೆ ಇವೆಲ್ಲ ಬೆಂಗಳೂರಿನ ವಿಷಯ. ಅವಕ್ಕೆ ನಿಮ್ಮ ಶಾಸಕರ ಮೂಲಕ ವಿಧಾನಸಭೆಯ ಅರ್ಜಿಗಳ ಸಮಿತಿಗೆ ಕನ್ನಡದಲ್ಲೇ ಬರೆಯಿರಿ.